ಕೊನೆಯ ಅಂಕಕ್ಕೆ ಬೆಳಕು

ನಮ್ಮ ಊರಿನಲ್ಲಿ ದೀಪಗಳು ಮನುಷ್ಯರ ಮನಸ್ಸು ನೋಡಿಕೊಂಡು ಉರಿಯುತ್ತವೆ. ಹತ್ತಿರ ಕೂತವರು ಖುಷಿಯಾಗಿದ್ದರೆ ಬೆಳಕು ಏರುತ್ತದೆ, ಬೇಸರದಲ್ಲಿದ್ದರೆ ಇಳಿಯುತ್ತದೆ, ಅತ್ತರೆ ಪೂರ್ತಿ ಆರಿಹೋಗುತ್ತದೆ. ಹಾಗಾಗಿ ನಮ್ಮ ಹಲ್ಲಿನ ಡಾಕ್ಟರು ರೋಗಿಯ ಬಾಯಿ ತೆರೆಸುವ ಮುಂಚೆ ಗೋಡೆಗೆ ತೂಗುಹಾಕಿದ ಮೊಮ್ಮಗಳ ಫೋಟೋ ನೋಡಿ ನಿಲ್ಲುತ್ತಾರೆ. ಕುರ್ಚಿಯಲ್ಲಿ ಕೂತವನ ಕಡೆಯಿಂದ ಬೆಳಕು ಸಿಗುವ ಆಸೆಯಂತೂ ಇರುವುದಿಲ್ಲ. ದರ್ಜಿ ಅಂಗಡಿಗಳಲ್ಲಿ ಹೊಲಿಯುವವರ ಜೊತೆ ಹರಟುವವನೊಬ್ಬ ಇರಲೇಬೇಕು, ಸೂಜಿಗೆ ದಾರ ಪೋಣಿಸುವ ಹೊತ್ತಿಗೆ ಅವನು ಏನಾದರೂ ನಗೆಮಾತು ಹೇಳಬೇಕು. ಹೆಣ್ಣು ನೋಡುವ ಶಾಸ್ತ್ರವನ್ನು ಹಗಲು ಹೊತ್ತು ಅಂಗಳದಲ್ಲೇ ಮುಗಿಸುತ್ತಾರೆ. ಒಳಗೆ ದೀಪದ ಕೆಳಗೆ ಕೂತರೆ ಎರಡೂ ಕಡೆಯವರ ಮರ್ಯಾದೆ ಉಳಿಯುವುದು ಕಷ್ಟ.

ನಾನು ಈ ಊರಿನ ಎಲೆಕ್ಟ್ರಿಷಿಯನ್. ಹೆಸರು ಲೋಚನಾ. ನನ್ನ ಅರ್ಧ ಕೆಲಸ ಜನರಿಗೆ ಸಮಾಧಾನ ಹೇಳುವುದೇ ಆಗಿದೆ. ಕರೆ ಬಂದ ಮನೆಗೆ ಹೋಗಿ, ಸ್ಟೂಲು ಹತ್ತಿ, ಬಲ್ಬು ಬಿಚ್ಚಿ, ಮತ್ತೆ ಹಾಕಿ, ಕೆಳಗಿಳಿದು, "ಬಲ್ಬು ಸರಿಯಾಗಿದೆ ಕಣ್ರೀ, ನಿಮಗೇನಾಗಿದೆ ಹೇಳಿ" ಅನ್ನುತ್ತೇನೆ. ಕಾಫಿ ಬರುತ್ತದೆ, ಮಾತು ಬರುತ್ತದೆ, ನಾನು ಹೊರಡುವಷ್ಟರಲ್ಲಿ ಬಲ್ಬು ತಾನಾಗಿ ಸರಿಹೋಗಿರುತ್ತದೆ.

ಈ ಏರ್ಪಾಡಿಗೆ ಎಲ್ಲರೂ ಒಗ್ಗಿಕೊಂಡಿದ್ದರೂ ಒಬ್ಬರಿಗೆ ಮಾತ್ರ ಆಗಿರಲಿಲ್ಲ. ಅವರು ನಾಟಕಮಂದಿರದ ವಾಮನಾಚಾರ್ರು. ಹರೆಯದಲ್ಲಿ 'ಹೊಳೆ ದಾಟಿದ ರಾಣಿ' ಅಂತ ಒಂದು ನಾಟಕ ಬರೆದು ಅಂದಿನಿಂದ ಅದನ್ನೇ ಆಡಿಸಿಕೊಂಡು ಬಂದವರು. ನಾಟಕದ ಮೊದಲ ಅಂಕಗಳಲ್ಲಿ ಹಾಸ್ಯವಿದೆ, ಮದುವೆಯಿದೆ, ಮಂದಿರ ಝಗಮಗಿಸುತ್ತದೆ. ಕೊನೆಯ ಅಂಕದಲ್ಲಿ ರಾಣಿ ಯುದ್ಧದಲ್ಲಿ ಸತ್ತ ಮಗನ ಪಕ್ಕ ಕೂತು ಮಾತಾಡುತ್ತಾಳೆ. ಆಕೆ "ಮಗನೇ" ಅಂದ ಕೂಡಲೇ ಜನ ಅಳಲು ಶುರು, ದೀಪಗಳು ಒಂದೊಂದಾಗಿ ಮಂಕಾಗಿ ಮಂದಿರ ಕಗ್ಗತ್ತಲು. ಆ ಅಂಕವನ್ನು ಊರು ಕೇಳಿತ್ತೇ ಹೊರತು ನೋಡಿರಲಿಲ್ಲ. ಬರೆದ ಆಚಾರ್ರೂ ನೋಡಿರಲಿಲ್ಲ, ಯಾಕೆಂದರೆ ಎಲ್ಲರಿಗಿಂತ ಮೊದಲು ಅಳುತ್ತಿದ್ದವರು ಅವರೇ. ಅಭ್ಯಾಸದಲ್ಲೂ ಅಷ್ಟೇ. ಹಗಲಲ್ಲಿ ಬಯಲಲ್ಲಿ ಮಾಡಿಸಿ ನೋಡಬಹುದಿತ್ತು, ಆದರೆ ಬಿಸಿಲಿಗೆ ಇಟ್ಟರೆ ನಾಟಕ ಬಾಡುತ್ತದೆ ಅನ್ನುವ ನಂಬಿಕೆ ಅವರದು.

ಹೀಗಿರುವಾಗ ಹೊರಗಿನಿಂದ ಬಂದ ಒಂದು ನಾಟಕ ತಂಡ, ತಮಗೆ ಹೊಸದು ಬಂತು ಅಂತ, ತಮ್ಮ ಹಳೆಯ ಎಲ್‌ಇಡಿ ದೀಪಗಳನ್ನೂ ಅವುಗಳನ್ನು ನಡೆಸುವ ಕಂಟ್ರೋಲ್ ಬೋರ್ಡನ್ನೂ ಆಚಾರ್ರಿಗೆ ಬಿಟ್ಟುಹೋಯಿತು. ಆಚಾರ್ರು ನನ್ನನ್ನು ಕರೆಸಿದರು.

"ಲೋಚನಮ್ಮ, ಇವು ಜನರ ಮಾತು ಕೇಳಲ್ವಂತೆ. ಕೇಬಲಿನ ಮಾತು ಮಾತ್ರ ಕೇಳ್ತಾವಂತೆ. ನಿಜವೇ?"

ನಾನು ಒಂದು ದೀಪಕ್ಕೆ ಕರೆಂಟು ಕೊಟ್ಟು ಅದರ ಮುಂದೆ ನಿಂತು ನಕ್ಕೆ. ಏನೂ ಆಗಲಿಲ್ಲ. ಆಚಾರ್ರು ತಮ್ಮ ಕೊನೆಯ ಅಂಕದ ಎರಡು ಸಾಲು ನೆನೆಸಿಕೊಂಡು ಕಣ್ಣು ಒರೆಸಿಕೊಂಡರು. ಮೇಲಿನ ಹಳೆಯ ಬಲ್ಬು ಆರಿತು, ಹೊಸ ದೀಪ ಜಪ್ಪಯ್ಯ ಅನ್ನಲಿಲ್ಲ. ಬೋರ್ಡಿನ ಗುಂಡಿ ಸರಿಸಿದಾಗ ಮಾತ್ರ ನೀಲಿಯಿಂದ ಬಿಳಿಗೆ ತಿರುಗಿತು.

"ಈ ದಸರಾ ಆಟಕ್ಕೆ ನಾನು ನನ್ನ ಕೊನೆಯ ಅಂಕ ನೋಡಬೇಕು" ಅಂದರು ಆಚಾರ್ರು. ಅವರ ದನಿಯಲ್ಲಿ ಎಷ್ಟು ಆಸೆ ಇತ್ತೆಂದರೆ, ಆರಿದ್ದ ಬಲ್ಬು ಹೊತ್ತಿಕೊಂಡು ಕಣ್ಣು ಕುಕ್ಕಿತು.

ಅಂಥ ದೀಪಗಳಿಗೆ ವೈರಿಂಗ್ ಮಾಡಿ ನನಗೆ ಗೊತ್ತಿರಲಿಲ್ಲ. ಜೊತೆಗಿದ್ದ ಪುಸ್ತಿಕೆ ಓದಿಕೊಂಡು ಶುರುಮಾಡಿದೆ. ವಿಷಯ ಇಷ್ಟು: ಬೋರ್ಡಿನಿಂದ ಹೊರಟ ಅಪ್ಪಣೆ ಒಂದೇ ಕೇಬಲಿನಲ್ಲಿ ಮೊದಲ ದೀಪಕ್ಕೆ ಹೋಗುತ್ತದೆ, ಅಲ್ಲಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ. ಊಟದ ಪಂಕ್ತಿಯಲ್ಲಿ ಪಾಯಸದ ಪಾತ್ರೆ ದಾಟಿಸಿದ ಹಾಗೆ. ಪ್ರತಿ ದೀಪಕ್ಕೂ ಒಂದು ನಂಬರು ಕೊಟ್ಟಿರುತ್ತೇವೆ. ಬರುವ ಅಪ್ಪಣೆಗಳಲ್ಲಿ ತನ್ನ ನಂಬರಿನದನ್ನು ಮಾತ್ರ ಅದು ಪಾಲಿಸುತ್ತದೆ, ಮಿಕ್ಕದ್ದನ್ನು ಮುಂದಕ್ಕೆ ಬಿಡುತ್ತದೆ. ಎರಡು ದೀಪಕ್ಕೆ ಒಂದೇ ನಂಬರು ಕೊಟ್ಟರೆ ಎರಡೂ ಅವಳಿಗಳ ಹಾಗೆ ಒಟ್ಟಿಗೇ ಕುಣಿಯುತ್ತವೆ. ಮೊದಲ ದಿನ ನಾನು ಹಾಗೆ ಮಾಡಿಯೂ ಬಿಟ್ಟೆ. ರಾಣಿಗೆ ಬೆಳಕು ಕೊಟ್ಟರೆ ಹಿಂದಿನ ಪರದೆಯ ಕುದುರೆಗೂ ಬೆಳಕು ಬೀಳುತ್ತಿತ್ತು.

ಅದನ್ನು ಸರಿಮಾಡಿ, ಕೈಗೆ ಸಿಕ್ಕ ಹಳೆಯ ಮೈಕಿನ ಕೇಬಲುಗಳನ್ನೇ ಜೋಡಿಸಿ, ಹಳೆಯ ಬಲ್ಬುಗಳ ವೈರಿನ ಪಕ್ಕದಲ್ಲೇ ಕಟ್ಟಿಕೊಂಡು ಹೋದೆ. ನಾನೊಬ್ಬಳೇ ಇದ್ದಾಗ ಎಲ್ಲ ಚೆನ್ನಾಗಿತ್ತು. ನಟರು ಬಂದು ಅಭ್ಯಾಸ ಶುರುಮಾಡಿದರೋ ಇಲ್ಲವೋ, ದೀಪಗಳಿಗೆ ಬಿಕ್ಕಳಿಕೆ ಹತ್ತಿತು. ಯಾರಾದರೂ ನಕ್ಕರೆ ಮಿಣಮಿಣ, ಆಚಾರ್ರು ಮೂಗು ಸೇದಿದರೆ ಕಪ್ಪು, ಮತ್ತೆ ಬೆಳಕು, ಮತ್ತೆ ಕಪ್ಪು. ಕೊನೆಯಲ್ಲಿದ್ದ ದೀಪವಂತೂ ಯಾರ ಹಿಡಿತಕ್ಕೂ ಸಿಗದೆ ತನ್ನಷ್ಟಕ್ಕೆ ಹಸಿರು, ಕೆಂಪು ಆಗುತ್ತಿತ್ತು. ಆಚಾರ್ರ ಮುಖ ಬಾಡಿತು. ಇದನ್ನು ನೋಡಿ ಸಂತೋಷಪಟ್ಟವರು ಒಬ್ಬರೇ, ರಾಣಿಯ ಪಾತ್ರ ಮಾಡುವ ಇಂದುಮತಿಬಾಯಿ. ಊರಿಗೆಲ್ಲ ಇಂದಕ್ಕ. ಅವರು ನಿಂತ ಕಡೆ ಬಲ್ಬು ಪ್ರಕಾಶವಾಗಿ ಉರಿಯುತ್ತಿದ್ದುದನ್ನು ನಾನು ಕಂಡೆ.

ನಾನು ಕಂಡದ್ದು ಅವರಿಗೂ ಗೊತ್ತಾಯಿತು. ಮಾರನೆಯ ಬೆಳಿಗ್ಗೆ ನನ್ನನ್ನು ಮಂದಿರದ ಹಿಂದಿನ ಬಾವಿಕಟ್ಟೆಗೆ ಕರೆದರು. ನಮ್ಮೂರಲ್ಲಿ ಗುಟ್ಟಿನ ಮಾತು ಬಿಸಿಲಲ್ಲೇ ಆಗುವುದು.

"ಲೋಚನೀ, ಆ ದೀಪ ಸರಿ ಮಾಡಲೇಬೇಕೇನೇ?"

"ಯಾಕಕ್ಕ? ನಿಮ್ಮನ್ನ ಊರು ನೋಡಲಿ ಅಂತ ತಾನೇ ಇಷ್ಟೆಲ್ಲ?"

"ಅದೇ ತೊಂದರೆ." ಅವರು ಸೆರಗಿನಿಂದ ಕತ್ತು ಒರೆಸಿಕೊಂಡರು. "ನೋಡೋಕೆ ಅಲ್ಲಿ ಏನೂ ಇಲ್ಲ."

ಆಮೇಲೆ ಒಂದೊಂದಾಗಿ ಹೇಳಿದರು. ಕತ್ತಲಾದ ಕೂಡಲೇ ಅವರು ತಲೆಯ ಮೇಲಿನ ಭಾರದ ಕಿರೀಟ ತೆಗೆದು ಪಕ್ಕಕ್ಕಿಡುತ್ತಾರೆ. ಕಂಬಕ್ಕೆ ಒರಗಿ ಕಾಲು ಚಾಚಿ, ಮೊಣಕಾಲಿಗೆ ನೀಲಗಿರಿ ಎಣ್ಣೆ ತಿಕ್ಕಿಕೊಳ್ಳುತ್ತಾ ಮಾತು ಒಪ್ಪಿಸುತ್ತಾರೆ. ಕೊನೆಯ ಅಂಕಕ್ಕೆ ಒಂದು ಕಾಡಿನ ಗಂಧ ಬರುತ್ತದೆ ಅಂತ ಜನ ಮೆಚ್ಚಿಕೊಳ್ಳುತ್ತಿದ್ದದ್ದು ನನಗೆ ಆಗ ನೆನಪಾಯಿತು.

"ವಿರೂಪಾಕ್ಷಣ್ಣ ಏನೂ ಅನ್ನಲ್ವೇ?" ಎಂದು ಕೇಳಿದೆ. ಸತ್ತ ಮಗನ ಪಾತ್ರ ವಿರೂಪಾಕ್ಷನದು. ಮಂದಿರದ ಎದುರು ಟೀ ಅಂಗಡಿ ಇಟ್ಟಿರುವ, ಹೊಟ್ಟೆ ಬಂದ, ಅರ್ಧ ತಲೆ ಬೋಳಾದ ಯುವರಾಜ.

"ಅವನೆಲ್ಲಿರ್ತಾನೆ? ಕತ್ತಲಾದ ತಕ್ಷಣ ಎದ್ದು ಅಂಗಡಿಗೆ ಹೋಗ್ತಾನೆ. ನಾಟಕ ಬಿಟ್ಟ ಮೇಲೆ ಅಷ್ಟೂ ಜನಕ್ಕೆ ಟೀ ಬೇಕಲ್ಲ, ನೀರು ಕಾಯಿಸಬೇಡವೇ? ನಾನು ಅಳೋದು ಖಾಲಿ ಚಾಪೆ ಮುಂದೆ."

ನನಗೆ ನಗು ತಡೆಯಲಾಗಲಿಲ್ಲ. ಇಂದಕ್ಕನೂ ನಕ್ಕರು. ನಕ್ಕು ಮುಗಿದ ಮೇಲೆ ಬಾವಿಯೊಳಗೆ ಇಣುಕುತ್ತಾ ನಿಂತರು.

"ಮೊದಲ ವರ್ಷ ಎಲ್ಲಾ ಮಾಡಿದ್ದೆ ಕಣೆ. ಕೈ ಹೇಗೆ ನಡುಗಬೇಕು, ಹೇಗೆ ಕುಸಿಯಬೇಕು, ಕನ್ನಡಿ ಮುಂದೆ ನಿಂತು ಕಲಿತಿದ್ದೆ. ಆಟ ಮುಗಿದ ಮೇಲೆ ಎಲ್ಲರೂ ಬಂದು ನಿನ್ನ ಸ್ವರ ಚೆನ್ನಾಗಿತ್ತು, ಸ್ವರ ಚೆನ್ನಾಗಿತ್ತು ಅಂದರು. ಕತ್ತಲಲ್ಲಿ ಯಾರಿಗೋಸ್ಕರ ಕುಸಿಯಲಿ? ಸುಮ್ಮನೆ ಕೂತೆ. ಈಗ ಈ ವಯಸ್ಸಲ್ಲಿ ಬೆಳಕು ತಂದಿದ್ದೀಯ."

"ಆಚಾರ್ರಿಗೆ ಹೇಳಿಬಿಡೋಣ್ವಾ?"

"ಅವರು ನನ್ನ ಅಭಿನಯದ ಬಗ್ಗೆ ಊರೂರಲ್ಲಿ ಭಾಷಣ ಮಾಡಿದ್ದಾರೆ" ಅಂದರು ಇಂದಕ್ಕ.

ದೀಪ ಸರಿಮಾಡುವುದಿಲ್ಲ ಅಂತ ಮಾತು ಕೊಡಲು ನನಗೆ ಬಾಯಿ ಬರಲಿಲ್ಲ. ಅತ್ತ ಆಚಾರ್ರ ಮುಖ, ಇತ್ತ ಇವರ ಮುಖ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ನಾನು ದೀಪ ಸರಿಮಾಡುತ್ತೇನೆ. ಅವರು ನಮ್ಮ ಮನೆಯ ತಾರಸಿಯ ಮೇಲೆ ಬಂದು ಅಭ್ಯಾಸ ಮಾಡಬೇಕು. ಆಟದ ದಿನ ಅವರಿಂದ ಆಗುವುದೇ ಇಲ್ಲ ಅನ್ನಿಸಿದರೆ ಎಡಗೈ ಮೇಲೆತ್ತಬೇಕು, ನಾನು ಬೆಳಕು ಆರಿಸಿಬಿಡುತ್ತೇನೆ, ಕರೆಂಟಿನ ಮೇಲೆ ತಪ್ಪು ಹೊರಿಸಿದರಾಯಿತು.

ಸರಿ, ದೀಪದ ಬಿಕ್ಕಳಿಕೆಯ ಬೆನ್ನುಹತ್ತಿದೆ. ಒಂದು ದೀಪ ಬಿಚ್ಚುವುದು, ಇನ್ನೊಂದು ಹಾಕುವುದು, ನಾಟಕದ ಹಾಸ್ಯಗಾರನನ್ನು ಕರೆದು ಪಕ್ಕದಲ್ಲಿ ನಗಿಸುವುದು, ನೋಡುವುದು. ಹಳೆಯ ಬಲ್ಬುಗಳ ವೈರಿನಲ್ಲಿ ಇಡೀ ಮಂದಿರದ ಸುಖದುಃಖ ಓಡಾಡುತ್ತಿರುತ್ತದೆ. ಅದಕ್ಕೆ ಅಂಟಿಸಿ ಕಟ್ಟಿದ್ದ ನನ್ನ ಮೈಕಿನ ಕೇಬಲು ಅದನ್ನು ಹೀರಿಕೊಂಡು, ಬೋರ್ಡಿನ ಅಪ್ಪಣೆಯ ಜೊತೆ ಕಲಸುತ್ತಿತ್ತು. ಪೇಟೆಯಿಂದ ಈ ಕೆಲಸಕ್ಕೇ ಮಾಡಿದ, ಒಳಗೆ ಎರಡು ತಂತಿ ಜಡೆಯಂತೆ ಹೆಣೆದು ಮೇಲೆ ತಂತಿಜಾಲ ಸುತ್ತಿದ ಕೇಬಲು ತರಿಸಿದೆ. ಅದನ್ನು ಎದುರು ಗೋಡೆಯ ಮೇಲೆ, ಹಳೆಯ ವೈರಿನ ನೆರಳೂ ತಾಗದ ಹಾಗೆ ಎಳೆದೆ. ಬಿಕ್ಕಳಿಕೆ ನಿಂತಿತು. ಕೊನೆಯ ದೀಪ ಮಾತ್ರ ಇನ್ನೂ ಚೇಷ್ಟೆ ಮಾಡುತ್ತಿತ್ತು. ಪುಸ್ತಿಕೆಯನ್ನು ಮತ್ತೆ ಮೊದಲಿಂದ ಓದಿದಾಗ ತಿಳಿಯಿತು, ಸಾಲು ಮುಗಿಯುವಲ್ಲಿ ಅಪ್ಪಣೆಗೆ ಒಂದು ನಿಲುಗಡೆ ಬೇಕು. ಇಲ್ಲದಿದ್ದರೆ ಅದು ತುದಿಗೆ ಬಡಿದು ವಾಪಸು ಹೊರಟು, ಎದುರಿಗೆ ಬರುವ ಅಪ್ಪಣೆಗೆ ಡಿಕ್ಕಿ ಹೊಡೆಯುತ್ತದೆ. ಒಂದು ಖಾಲಿ ಪ್ಲಗ್ಗು ತೆಗೆದುಕೊಂಡು, ಎರಡನೆಯ ಮತ್ತು ಮೂರನೆಯ ಪಿನ್ನಿನ ನಡುವೆ ಅಕ್ಕಿಕಾಳಿನಷ್ಟು ಪುಟ್ಟ ರೆಸಿಸ್ಟರು ಬೆಸುಗೆ ಹಾಕಿ, ಕೊನೆಯ ದೀಪದ ಹಿಂಬದಿಗೆ ಚುಚ್ಚಿದೆ. ಪೂಜೆಗೆ ಕೂತವರ ಹಾಗೆ ದೀಪ ನಿಶ್ಚಲವಾಯಿತು. ಆಚಾರ್ರು ಎಲ್ಲ ನಟರನ್ನೂ ಕರೆದು ಆ ಪ್ಲಗ್ಗು ತೋರಿಸಿದರು. ಕೊನೆಯ ಅಂಕವನ್ನು ಆಟದ ದಿನವೇ ಮೊದಲ ಸಲ ನೋಡುತ್ತೇನೆ, ಅಲ್ಲಿಯವರೆಗೆ ಅದರ ಅಭ್ಯಾಸ ಬೇಡ ಅಂದರು. ವಿರೂಪಾಕ್ಷ ಮಾತ್ರ ಅದನ್ನು ಅನುಮಾನದಿಂದ ನೋಡಿದ.

"ಹಂಗಾದ್ರೆ ನಾನು ಪೂರ್ತಿ ಮಲಗೇ ಇರಬೇಕಾ ಅಕ್ಕಾವ್ರೇ?" ಎಂದು ಇಂದಕ್ಕನ ಕಿವಿಯಲ್ಲಿ ಕೇಳಿದ.

"ಸತ್ತಿದ್ದೀಯಲ್ಲಪ್ಪ, ಮಲಗಿರು."

ತಾರಸಿಯ ಅಭ್ಯಾಸ ಮಾತ್ರ ಕೈ ಹತ್ತಲಿಲ್ಲ. ಒಣಹಾಕಿದ ಸಂಡಿಗೆಯ ಪಕ್ಕದಲ್ಲಿ ನಾನು ಹೆಣವಾಗಿ ಮಲಗುತ್ತಿದ್ದೆ, ಇಂದಕ್ಕ ನನ್ನ ಮೇಲೆ ಅಳುತ್ತಿದ್ದರು. ಕಣ್ಣು ಮುಚ್ಚಿ ಅವರ ಮಾತು ಕೇಳಿದರೆ ನನಗೆ ಅಳು ಬರುತ್ತಿತ್ತು, ಕಣ್ಣು ತೆರೆದು ಅವರನ್ನು ನೋಡಿದರೆ ಎಲ್ಲ ಇಳಿದುಹೋಗುತ್ತಿತ್ತು. ಅವರು ಕೈಯನ್ನು ಬಸ್ಸು ನಿಲ್ಲಿಸುವವರ ಹಾಗೆ ಬೀಸುತ್ತಿದ್ದರು. ಕುಸಿಯುವಾಗ ಮೊದಲು ಕೈಯೂರಿ, ಆಮೇಲೆ ಒಂದೊಂದೇ ಮೊಣಕಾಲು ಮಡಚಿ, "ಅಮ್ಮಾ" ಅಂದು ಕೂರುತ್ತಿದ್ದರು. ಆ "ಅಮ್ಮಾ" ನಾಟಕದಲ್ಲಿ ಇರಲಿಲ್ಲ.

"ಹೇಗಿತ್ತು?" ಎಂದು ಕೇಳುತ್ತಿದ್ದರು.

"ಸ್ವರ ಚೆನ್ನಾಗಿತ್ತು" ಅನ್ನುತ್ತಿದ್ದೆ. ಅನ್ನಬಾರದಿತ್ತು ಅಂತ ಆಮೇಲೆ ಅನ್ನಿಸುತ್ತಿತ್ತು.

ದಸರಾ ಆಟಕ್ಕೆ ಮಂದಿರ ಕಿಕ್ಕಿರಿದು ತುಂಬಿತು. ಕೊನೆಯ ಅಂಕ ಕಾಣುತ್ತದಂತೆ ಅನ್ನುವ ಸುದ್ದಿ ಊರೆಲ್ಲ ಹಬ್ಬಿತ್ತು. ಹಲ್ಲಿನ ಡಾಕ್ಟರು ಹೊಸ ಕನ್ನಡಕ ಹಾಕಿಕೊಂಡು ಬಂದಿದ್ದರು. ಆಚಾರ್ರು ಒಳಗಿನಿಂದ ಮಾತು ಎತ್ತಿಕೊಡುವ ಕೆಲಸ ಬಿಟ್ಟು ಮುಂದಿನ ಸಾಲಿನ ನಡುವಿನ ಕುರ್ಚಿಯಲ್ಲಿ, ಇಸ್ತ್ರಿ ಮಾಡಿದ ಪಂಚೆ ಉಟ್ಟು ಕೂತಿದ್ದರು. ನಾನು ಎಲ್ಲರ ಹಿಂದೆ, ಬೋರ್ಡಿನ ಮುಂದೆ. ಮೊದಲ ಅಂಕಗಳು ಎಂದಿನ ಹಾಗೆ ನಗುವಿನಲ್ಲಿ ಮುಗಿದವು, ಹಳೆಯ ಬಲ್ಬುಗಳು ಸಿಡಿಯುವಷ್ಟು ಉರಿದವು. ಯುವರಾಜನನ್ನು ಚಾಪೆಯ ಮೇಲೆ ಮಲಗಿಸಿದರು. ಅಲ್ಲಲ್ಲಿ ಮೂಗು ಸೇದುವ ಸದ್ದು ಶುರುವಾಯಿತು. ಹಳೆಯ ಬಲ್ಬುಗಳು ಒಂದೊಂದಾಗಿ ಕಣ್ಣು ಮುಚ್ಚಿದವು. ನಾನು ಗುಂಡಿ ಮೇಲಕ್ಕೆ ಸರಿಸಿದೆ.

ರಂಗದ ಮೇಲೆ ತೆಳುನೀಲಿ ಬೆಳಕು ಬಂತು, ಬಂದದ್ದು ಹಾಗೇ ನಿಂತಿತು. ಇಡೀ ಮಂದಿರ ಉಸಿರು ಎಳೆದುಕೊಂಡದ್ದು ನನಗೆ ಕೇಳಿಸಿತು. ಆ ಬೆಳಕು ಮುಂದಿನ ಸಾಲುಗಳ ಮೇಲೂ ಒಂದಿಷ್ಟು ಚೆಲ್ಲಿತ್ತು. ಕತ್ತಲಲ್ಲಿ ಆರಾಮಾಗಿ ಅತ್ತು ಅಭ್ಯಾಸವಾದವರು ಗಡಬಡಿಸಿ ಸೆರಗು, ಟವೆಲು ಹುಡುಕಿಕೊಂಡರು. ಅಕ್ಕಪಕ್ಕದವರ ಮುಖ ನೋಡಿ, ಓ ನೀನೂ ಅಳ್ತೀಯಾ ಅನ್ನುವ ಹಾಗೆ ಮುಖ ತಿರುಗಿಸಿದರು.

ಇಂದಕ್ಕ ಕಿರೀಟ ಹೊತ್ತು ನಿಂತಿದ್ದರು. ಅವರು ಮಾತು ಶುರುಮಾಡಬೇಕಿತ್ತು, ಮಾಡಲಿಲ್ಲ. ಅವರ ಕಣ್ಣು ಜನರ ಮೇಲಿತ್ತು. ಇಷ್ಟು ವರ್ಷ ಅವರ ಮಾತಿಗೆ ಅತ್ತವರನ್ನು ಅವರೂ ನೋಡಿರಲಿಲ್ಲ ಅನ್ನುವುದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಅವರ ನೋಟ ಒಂದು ಮುಖದಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಆಚಾರ್ರ ಮುಖದ ಮೇಲೆ ಬಂದು ನಿಂತಿತು. ಆಚಾರ್ರು ಬಾಯಿ ತೆರೆದು ಮುಂದಕ್ಕೆ ಬಾಗಿ ಕೂತಿದ್ದರು. ಇಂದಕ್ಕನ ಎಡಗೈ ಮೇಲೇಳಲು ಶುರುವಾಯಿತು. ಎದೆಯವರೆಗೆ ಬಂತು. ನಾನು ಗುಂಡಿಯ ಮೇಲೆ ಬೆರಳಿಟ್ಟೆ. ಪೂರ್ತಿ ಎತ್ತಲಿ, ಪೂರ್ತಿ ಎತ್ತಿದರೆ ನೋಡೋಣ ಅಂದುಕೊಂಡೆ. ಕೈ ಎದೆಯ ಹತ್ತಿರವೇ ನಿಂತಿತು, ಇಂದಕ್ಕ "ಮಗನೇ" ಅಂದರು.

ಎಂದಿನ ಹಾಗೆ ಏರುದನಿಯಲ್ಲ. ಪಕ್ಕದಲ್ಲಿ ಮಲಗಿದವನಿಗೆ ಮಾತ್ರ ಕೇಳಿಸಲಿ ಅನ್ನುವ ಹಾಗೆ. ಕೈ ಬೀಸಲಿಲ್ಲ, ಕುಸಿಯಲೂ ಇಲ್ಲ. ನಿಂತಲ್ಲೇ ನಿಂತು, ಬೆಳಿಗ್ಗೆ ಏಳಿಸಲು ಬಂದ ತಾಯಿಯ ಹಾಗೆ ಮಾತಾಡತೊಡಗಿದರು. ಎದ್ದೇಳು, ಹೊತ್ತಾಯಿತು, ನಿನ್ನ ಕುದುರೆ ಬಾಗಿಲಲ್ಲಿ ಕಾಯುತ್ತಿದೆ. ಅದೇ ಸಾಲುಗಳು, ಊರಿಗೆಲ್ಲ ಬಾಯಿಪಾಠವಾದವು. ಆದರೆ ಅವನ್ನು ಆ ದಿನ ಮೊದಲ ಸಲ ಕೇಳಿದವನೊಬ್ಬ ಅಲ್ಲಿದ್ದ. ಇಷ್ಟು ವರ್ಷ ಆ ಹೊತ್ತಿಗೆ ಟೀಗೆ ನೀರಿಡುತ್ತಿದ್ದ ವಿರೂಪಾಕ್ಷ. ಅವನ ಹೊಟ್ಟೆ ಒಮ್ಮೆ ಕುಲುಕಿತು. ಆಮೇಲೆ ಇನ್ನೊಮ್ಮೆ. ಹೆಣದ ಮೂಗು ಕೆಂಪಾಯಿತು, ಮುಚ್ಚಿದ ಕಣ್ಣಿನ ಅಂಚಿನಿಂದ ನೀರು ಇಳಿದು ಕಿವಿಯ ಕಡೆಗೆ ಹರಿಯಿತು. ನಾನು ಎಷ್ಟು ಚೆನ್ನಾಗಿ ಬೆಳಕು ಹಾಕಿದ್ದೆನೆಂದರೆ ಹಿಂದಿನ ಸಾಲಿನವರಿಗೂ ಅದು ಫಳಫಳ ಕಂಡಿತು.

"ಅಯ್ಯೋ, ಹೆಣ ಅಳ್ತಿದೆ" ಅಂತ ಯಾರೋ ಒಬ್ಬರು ಅಜ್ಜಿ ಅಂದರು.

ಮಂದಿರದಲ್ಲಿ ಒಂದು ಕಡೆ ನಗು ಎದ್ದಿತು, ಅದು ಎಲ್ಲ ಕಡೆ ಹಬ್ಬಿತು. ಹಳೆಯ ಬಲ್ಬುಗಳು ಭಗ್ಗೆಂದು ಹೊತ್ತಿಕೊಂಡವು. ಆಚಾರ್ರು ಕುರ್ಚಿಯ ಕೈ ಹಿಡಿದು ಅರ್ಧ ಎದ್ದರು. ವಿರೂಪಾಕ್ಷ ನಗು ಕೇಳಿ ಹೆದರಿ ಉಸಿರು ಬಿಗಿಹಿಡಿದ, ಹಿಡಿದದ್ದು ಒಮ್ಮೆಲೇ ಬಿಕ್ಕಳಿಕೆಯಾಗಿ ಹೊರಬಂತು. ನಾಟಕ ಮುಗಿಯಿತು ಅಂದುಕೊಂಡು ನಾನು ಇಂದಕ್ಕನ ಎಡಗೈಯನ್ನೇ ನೋಡಿದೆ.

ಆ ಕೈ ಮೇಲೆ ಹೋಗಲಿಲ್ಲ, ಕೆಳಗಿಳಿಯಿತು. ಇಂದಕ್ಕ ಕಿರೀಟ ತೆಗೆದು ನೆಲಕ್ಕಿಟ್ಟರು. ಮೊಣಕಾಲು ಹಿಡಿದುಕೊಂಡು, ನಿಧಾನವಾಗಿ, ನೋವಾದ ಹಾಗೇ, ಚಾಪೆಯ ಪಕ್ಕ ಕೂತರು. ಸೆರಗಿನ ತುದಿಯಿಂದ ವಿರೂಪಾಕ್ಷನ ಕಣ್ಣು ಒರೆಸಿದರು.

"ಅಳಬೇಡ ಕಂದಾ" ಅಂದರು. "ಸತ್ತ ಮೇಲೂ ನಿನಗೆ ನನ್ನದೇ ಚಿಂತೆಯಾ? ನಾನು ಹೇಗೋ ಇರ್ತೀನಿ. ನೀನು ಹೋಗು."

ಆಚಾರ್ರ ನಾಟಕದಲ್ಲಿ ಈ ಮಾತು ಇರಲಿಲ್ಲ. ಮಂದಿರದ ನಗು ತಟ್ಟನೆ ನಿಂತಿತು. ಹಳೆಯ ಬಲ್ಬುಗಳು ಈ ಸಲ ಒಂದೊಂದಾಗಿ ಅಲ್ಲ, ಎಲ್ಲವೂ ಒಟ್ಟಿಗೇ ಆರಿದವು. ರಂಗದ ನೀಲಿ ಬೆಳಕಿನಲ್ಲಿ ತಾಯಿ ಮಗನ ಕಣ್ಣೀರು ಒರೆಸುತ್ತಾ ಕೂತಿದ್ದಳು. ಒರೆಸಿದಷ್ಟೂ ಬರುತ್ತಿತ್ತು. ಪರದೆ ಎಳೆಯಬೇಕಾದವನೂ ನೋಡುತ್ತಾ ನಿಂತುಬಿಟ್ಟಿದ್ದ. ಕೊನೆಗೆ ನಾನೇ ಗುಂಡಿಯನ್ನು ಹಗುರವಾಗಿ ಕೆಳಗಿಳಿಸಿದೆ.

ಆಟ ಮುಗಿದ ಮೇಲೆ ಆಚಾರ್ರು ಒಳಗೆ ಬಂದರು. ಕಣ್ಣು ಊದಿತ್ತು. "ಹೆಣ ಅಳಬೇಕು ಅಂತ ನಾನು ಬರೆದಿಲ್ಲ" ಅಂದರು.

"ಈಗ ಬರೆದುಕೊಳ್ಳಿ ಆಚಾರ್ರೇ" ಅಂದರು ಇಂದಕ್ಕ.

"ಕತ್ತಲಲ್ಲಿ ನನಗೆ ಗೊತ್ತೇ ಆಗಿರಲಿಲ್ಲ. ಇವನು ಪ್ರತಿಸಲವೂ ಹೀಗೇ ಅಳ್ತಿದ್ದನೇ?"

ವಿರೂಪಾಕ್ಷ ತಲೆ ತಗ್ಗಿಸಿ ಮುಖದ ಬಣ್ಣ ಒರೆಸತೊಡಗಿದ. ಇಂದಕ್ಕ ನನ್ನ ಕಡೆ ನೋಡದೆ ಹೇಳಿದರು. "ಇಲ್ಲ. ಇಷ್ಟು ವರ್ಷ ಹೆಣ ತುಂಬಾ ಶಾಂತವಾಗಿತ್ತು."

ನಾವು ತಡೆದಿಟ್ಟುಕೊಂಡ ನಗುವಿಗೆ ಮೇಲಿನ ಬಲ್ಬು ಎಷ್ಟು ಜೋರಾಗಿ ಉರಿಯಿತೆಂದರೆ ನಾವು ಮೂವರೂ ಕಣ್ಣು ಕಿರಿದು ಮಾಡಿಕೊಂಡೆವು. ಆಚಾರ್ರು, ಜನರ ಮೆಚ್ಚುಗೆಗೆ ಇವರೆಲ್ಲ ಇಷ್ಟೊಂದು ಹಿಗ್ಗಿದ್ದಾರೆ ಅಂದುಕೊಂಡು, ತಾವೂ ಹಿಗ್ಗಿ ಅದನ್ನು ಇನ್ನಷ್ಟು ಏರಿಸಿದರು. ಹೊರಗೆ ಅಂದು ಟೀ ಸಿಗದ ಜನ ವಿರೂಪಾಕ್ಷನ ಮುಚ್ಚಿದ ಅಂಗಡಿಯ ಮುಂದೆ ನಿಂತು ನಾಟಕದ ಮಾತಾಡುತ್ತಿದ್ದರು.

ಮಾರನೆಯ ಬೆಳಿಗ್ಗೆ ನಾನು ಕೇಬಲು ಬಿಗಿಮಾಡಲು ಏಣಿ ಹತ್ತಿದ್ದೆ. ಮಂದಿರದಲ್ಲಿ ಇನ್ನಾರೂ ಇರಲಿಲ್ಲ. ಇಂದಕ್ಕ ಮನೆಯ ಸೀರೆಯಲ್ಲೇ, ಕೈಯಲ್ಲಿ ತರಕಾರಿ ಚೀಲ ಹಿಡಿದು ಒಳಗೆ ಬಂದರು. ಚೀಲವನ್ನು ಕುರ್ಚಿಯ ಮೇಲಿಟ್ಟು ರಂಗಕ್ಕೆ ಹತ್ತಿ, ಚಾಪೆ ಹಾಸುವ ಜಾಗದಲ್ಲಿ ನಿಂತರು.

"ಆ ಎಡಗಡೆಯ ದೀಪ ನನ್ನ ಮೂಗು ಉದ್ದ ಮಾಡುತ್ತೆ" ಅಂದರು. "ಡಾಕ್ಟರ ಹೆಂಡತಿ ಮಾರ್ಕೆಟ್ಟಲ್ಲಿ ಸಿಕ್ಕಿ ಹೇಳಿದಳು. ಸ್ವಲ್ಪ ತಿರುಗಿಸು."

ನಾನು ಬೋರ್ಡಿನಲ್ಲಿ ಆ ದೀಪ ಹೊತ್ತಿಸಿ, ಮತ್ತೆ ಏಣಿ ಹತ್ತಿ ತಿರುಗಿಸಿದೆ.

"ಇಷ್ಟು ಬೇಡ. ಕೆಳಗೆ. ಈಗ ಗಲ್ಲ ಕಾಣುತ್ತಾ?"

"ಕಾಣುತ್ತೆ ಅಕ್ಕ."

"ಕಣ್ಣು?"

"ಕಣ್ಣೂ ಕಾಣುತ್ತೆ."

"ಹಿಂದಿನ ಸಾಲಿನವರಿಗೆ ಕಾಣುತ್ತಾ? ಇಳಿದು ಹೋಗಿ ನೋಡು."

ನಾನು ಇಳಿದು, ಕುರ್ಚಿಗಳ ನಡುವೆ ನಡೆದು ಹಿಂದಿನ ಸಾಲಿಗೆ ಹೋಗಿ ಕೂತೆ. ಇಂದಕ್ಕ ಮುಖ ಮೇಲೆತ್ತಿ, ನರೆತ ಕೂದಲು ಕಿವಿಯ ಹಿಂದಕ್ಕೆ ಸರಿಸಿಕೊಂಡು, ಬೆಳಕಿನಲ್ಲಿ ಅಲುಗಾಡದೆ ನಿಂತಿದ್ದರು.

"ಕಾಣ್ತೀರಿ" ಎಂದು ಅಲ್ಲಿಂದಲೇ ಕೂಗಿದೆ.

"ಹಾಗಾದರೆ ಅಲ್ಲೇ ಕೂತಿರು. ಮೊದಲ ವರ್ಷ ಮಾಡಿದ್ದೆನಲ್ಲ, ಅದನ್ನೊಂದು ಸಲ ಮಾಡಿ ತೋರಿಸ್ತೀನಿ" ಅಂದರು ಇಂದಕ್ಕ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾ.